ಸಾದರ ಪತ್ರಪ್ಪ ರಸ್ತೆಯಲ್ಲಿ ಒಂದು ಹಗಲು

ಬೆಂಗಳೂರಿಗೆ ಬಂದ ಪ್ರವಾಸಿಗರಲ್ಲಿ ಪುರಭವನವನ್ನು ನೋಡಿ ಹಿಂದಿರುಗುವವರುಂಟು. 1935ರಲ್ಲಿ ತೆರೆಯಲ್ಪಟ್ಟ ಆ ಕಂಬಸಾಲಿನ ಕಟ್ಟಡವು ಯಾರ ಕಣ್ಣನ್ನಾದರೂ ಸೆಳೆಯತಕ್ಕದ್ದೇ. ಆದರೆ ಅದರ ಸಮೀಪದಲ್ಲಿಯೇ ಇರುವ ಸಾದರ ಪತ್ರಪ್ಪ ರಸ್ತೆಯನ್ನು ನೋಡಲೆಂದು ಬರುವವರು ಯಾರೂ ಇಲ್ಲ. ಅಲ್ಲಿಗೆ ಬರುವವರೆಲ್ಲರೂ ಕೆಟ್ಟುಹೋದ ಒಂದು ವಸ್ತುವನ್ನೋ, ಕೊಳ್ಳಬೇಕಾದ ವಸ್ತುಗಳ ಚೀಟಿಯನ್ನೋ ಕೈಯಲ್ಲಿ ಹಿಡಿದೇ ಬರುವರು. ಜನರ ಬಾಯಲ್ಲಿ ಅದು ಎಸ್. ಪಿ. ರೋಡು. ಕಳೆದ ಮಾಘಮಾಸದಲ್ಲಿ ಒಂದು ದಿನ ನಾವೂ ಹಾಗೆಯೇ ಅಲ್ಲಿಗೆ ಹೋಗಬೇಕಾಯಿತು.

ನಮ್ಮ ಅಣ್ಣನ ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿರುವಳು. ಎರಡೂವರೆ ವರ್ಷಗಳ ಹಿಂದೆ ತನ್ನ ವಿದ್ಯಾರ್ಥಿವೇತನದ ಹಣದಿಂದ ಬಿಡಿಭಾಗಗಳನ್ನು ಕೊಂಡು, ತಾನೇ ಜೋಡಿಸಿ, ಮನೆಯಲ್ಲಿ ಒಂದು ಕಂಪ್ಯೂಟರನ್ನು ಕಟ್ಟಿದ್ದಳು. ಅದು ಈಗ ಕೆಲಸಕ್ಕೆ ತೊಡಗಿದ ಹತ್ತು ನಿಮಿಷಗಳಲ್ಲಿಯೇ ಕಾದು, ತಾನಾಗಿ ಆರಿಹೋಗುತ್ತಿದ್ದಿತು. ಪರೀಕ್ಷೆಗೆ ಒಪ್ಪಿಸಬೇಕಾದ ಕೆಲಸವು ಅರ್ಧದಲ್ಲಿ ನಿಂತಿದ್ದಿತು. ಉಳಿದಿದ್ದುದು ಆರೇ ದಿನ. “ಸಿದ್ಧವಾದುದನ್ನು ತಂದಿದ್ದರೆ ಈ ಪಾಡು ಬರುತ್ತಿತ್ತೇ?” ಎಂದು ಮನೆಯ ಹಿರಿಯರು ದಿನಕ್ಕೆರಡು ಬಾರಿ ಹೇಳುತ್ತಿದ್ದರು. ಹುಡುಗಿಯು ಉತ್ತರ ಕೊಡುವುದನ್ನು ಬಿಟ್ಟಿದ್ದಳು. ಯಂತ್ರಕ್ಕಿಂತಲೂ ಅವಳ ಆ ಮೌನವೇ ನಮ್ಮನ್ನು ಹೆಚ್ಚಾಗಿ ಬಾಧಿಸಿತು.

ಯಂತ್ರದ ಮರ್ಮವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳುವುದು ಅಗತ್ಯ. ಕಂಪ್ಯೂಟರಿನ ಪ್ರೊಸೆಸರು ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಆದರೂ ದುಡಿಯುವಾಗ ಅದು ಅಪಾರ ಶಾಖವನ್ನು ಹೊರಗೆಡಹುವುದು. ಶಾಖವನ್ನು ಇಲ್ಲದಂತೆ ಮಾಡಲಾಗದು. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು, ಅಷ್ಟೆ. ಈ ಕಾರ್ಯಕ್ಕಾಗಿ ಪ್ರೊಸೆಸರಿನ ಮೇಲೆ ತಾಮ್ರದ ಒಂದು ಫಲಕ, ಅದರ ಮೇಲೆ ಚಿಕ್ಕದೊಂದು ಪಂಪು, ಅಲ್ಲಿಂದ ಹೊರಡುವ ಎರಡು ರಬ್ಬರು ಕೊಳವೆಗಳು, ಆ ಕೊಳವೆಗಳ ಕೊನೆಯಲ್ಲಿ ಫ್ಯಾನುಗಳುಳ್ಳ ಒಂದು ರೇಡಿಯೇಟರು ಇರುವುವು. ಒಳಗಿನ ದ್ರವವು ಕಾದು ಹೊರಟು, ರೇಡಿಯೇಟರಿನಲ್ಲಿ ತಣಿದು ಹಿಂದಿರುಗುವುದು. ಇದು ಮೋಟಾರು ಕಾರಿನಲ್ಲಿರುವ ಏರ್ಪಾಡೇ. ಈ ಸಾಗಣೆಯು ತಪ್ಪಿ ಶಾಖವು 100 ಡಿಗ್ರಿಯ ಸಮೀಪಕ್ಕೆ ಬಂದರೆ, ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ಮೊದಲು ನಿಧಾನಿಸಿ, ಕಡೆಗೆ ನಿಂತೇಬಿಡುವುದು.

ಪೆಟ್ಟಿಗೆಯನ್ನು ಹಳೆಯ ಜಮಖಾನದಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲಿರಿಸಿಕೊಂಡು, ಜೆ. ಸಿ. ರಸ್ತೆಯನ್ನು ಹಿಡಿದು ಬಂದೆವು. ಆ ರಸ್ತೆಯು ಕಾರಿನ ಬಿಡಿಭಾಗಗಳಿಗೆ ಹೆಸರಾದುದು. ಅಲ್ಲಿಂದ ಕೂಗಳತೆಯಲ್ಲಿ ಕಂಪ್ಯೂಟರಿನ ಬೀದಿ. ಇನ್ನೊಂದು ಪಕ್ಕಕ್ಕೆ ನಡೆದರೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಆ ಮಾರುಕಟ್ಟೆಯು ಏಳುವ ಮೊದಲು ಆ ಪ್ರದೇಶದಲ್ಲಿ ಸಿದ್ದಿಕಟ್ಟೆಯೆಂಬ ಕೆರೆಯಿದ್ದಿತು. ಶಿವನಸಮುದ್ರದ ಕಾವೇರಿಯ ಬಲದಿಂದ ಈ ನಗರದಲ್ಲಿ ವಿದ್ಯುದ್ದೀಪಗಳು ಬೆಳಗಿದುದು 1905ರಲ್ಲಿ. ನೀರಿನಿಂದ ವಿದ್ಯುತ್ತನ್ನು ಪಡೆದ ಊರಿನಲ್ಲಿ, ವಿದ್ಯುತ್ತಿನ ಯಂತ್ರವನ್ನು ತಣಿಸುವ ನೀರಿಗಾಗಿ ನಾವು ಅಲೆಯುತ್ತಿದ್ದೆವು.

ಎಸ್. ಪಿ. ರೋಡಿನ ನೋಟವೇ ಬೇರೆ. ತಂತಿಯ ಸುರುಳಿಗಳು, ಪಂಪುಸೆಟ್ಟುಗಳು, ತಿರುಪುಮೊಳೆಗಳ ಡಬ್ಬಗಳು, ಅವುಗಳ ನಡುವೆ ಗಾಜಿನ ಕಪಾಟುಗಳಲ್ಲಿ ಮಿನುಗುವ ಕಂಪ್ಯೂಟರಿನ ಅಂಗಾಂಗಗಳು. ತಳ್ಳುಗಾಡಿಯವನ “ಸೈಡು, ಸೈಡು” ಎಂಬ ಕೂಗು, ಸೀಸ ಬೆಸೆಯುವ ವಾಸನೆ, ಚಹಾದ ಆವಿ. ಕನ್ನಡ, ಉರ್ದು, ತಮಿಳು, ಹಿಂದಿಗಳು ಒಂದೇ ವ್ಯವಹಾರದಲ್ಲಿ ಬೆರೆತು ಕೇಳಿಸುವುವು.

ಮೊದಲು ಹೊಕ್ಕ ಅಂಗಡಿಯವನು ಪೆಟ್ಟಿಗೆಯನ್ನು ತೆರೆಯದೆಯೇ, “ಕೂಲರು ಹೋಗಿದೆ, ಹೊಸದು ಹಾಕಿಸಿ” ಎಂದನು. ಬೆಲೆಯು ಹತ್ತು ಸಾವಿರಕ್ಕೆ ಹತ್ತಿರ. ಹುಡುಗಿಯು ನಮ್ಮ ಮುಖವನ್ನು ನೋಡಿದಳು. “ಬೇಡ ಚಿಕ್ಕಪ್ಪ, ಏನು ಹೋಗಿದೆ ಅಂತ ಗೊತ್ತಾಗದೆ ಕೊಳ್ಳುವುದು ಬೇಡ” ಎಂದಳು. ಅನೇಕ ದಿನಗಳ ಮೇಲೆ ಅವಳು ಆಡಿದ ದೃಢವಾದ ಮಾತು ಅದು.

ವಿಚಾರಿಸುತ್ತ ಹೋಗಿ, ಕಡಿದಾದ ಮೆಟ್ಟಿಲುಗಳನ್ನೇರಿ, ಮಹಡಿಯ ಮೇಲಿನ ರಿಪೇರಿಯ ಅಂಗಡಿಯೊಂದನ್ನು ಕಂಡೆವು. ಅಲ್ಲಿದ್ದವರು ನಡುವಯಸ್ಸು ದಾಟಿದ ಒಬ್ಬ ಕೆಲಸಗಾರರು. ಪೆಟ್ಟಿಗೆಯನ್ನು ಅವರು ತಾವು ಮುಟ್ಟಲಿಲ್ಲ. “ಕಟ್ಟಿದವರು ಯಾರು?” ಎಂದು ಕೇಳಿ, ಇವಳೆಂದು ತಿಳಿದ ಮೇಲೆ, “ಹಾಗಾದರೆ ನೀವೇ ಬಿಚ್ಚಿ ಅಮ್ಮ, ನಾನು ನೋಡುತ್ತೇನೆ” ಎಂದರು.

ಮೊದಲು ವಿದ್ಯುತ್ತನ್ನು ತಪ್ಪಿಸಿ, ಕೊಳವೆಗಳ ಸಂದುಗಳಲ್ಲಿ ತೇವವಾಗಲಿ ಕಲೆಯಾಗಲಿ ಇರುವುದೇ ಎಂದು ನೋಡಿಸಿದರು. ಸೋರಿಕೆಯಿದ್ದರೆ ಮುಂದಿನ ಪರೀಕ್ಷೆಯೇ ಸಲ್ಲದು, ಯಂತ್ರವನ್ನು ನಡೆಸಲೇಬಾರದು ಎಂದು ಹೇಳಿದರು. ಎಲ್ಲವೂ ಒಣಗಿದ್ದಿತು. ಫಲಕದ ತಿರುಪುಗಳು ಬಿಗಿಯಾಗಿದ್ದುವು. ಬಳಿಕ ಯಂತ್ರವನ್ನು ನಡೆಸಿ, ತೆರೆಯ ಮೇಲೆ ಪಂಪಿನ ವೇಗವನ್ನು ಓದಿಸಿದರು. ಅದು ತಿರುಗುತ್ತಲೇ ಇದ್ದಿತು. “ಈಗ ಎರಡು ಪೈಪುಗಳನ್ನೂ ಮುಟ್ಟಿ” ಎಂದರು. ಒಂದು ಪಂಪಿನ ಬಳಿ ಸುಡುತ್ತಿದ್ದಿತು, ಇನ್ನೊಂದು ತಣ್ಣಗಿದ್ದಿತು. ರೇಡಿಯೇಟರಿಗೆ ಬಿಸಿಯೇ ತಲುಪಿರಲಿಲ್ಲ. ಎರಡು ಕೊಳವೆಗಳೂ ಬಿಸಿಯಾಗಿದ್ದು ರೇಡಿಯೇಟರೂ ಬಿಸಿಯಾಗಿದ್ದರೆ ದೋಷವು ಫ್ಯಾನಿನಲ್ಲಿ ಅಥವಾ ಧೂಳಿನಲ್ಲಿ. ಒಂದು ಮಾತ್ರ ಬಿಸಿಯಾಗಿದ್ದರೆ ದ್ರವವು ಹರಿಯುತ್ತಿಲ್ಲವೆಂದೇ ಅರ್ಥ. ಕಡೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳುವಂತೆ ಅವಳಿಗೆ ಹೇಳಿದರು. ಒಳಗೆ ಗುಳುಗುಳು ಸದ್ದು.

“ಗಾಳಿ!” ಎಂದಳು ಹುಡುಗಿ.

ಸಂಪಿನಲ್ಲಿ ನೀರು ತಳಮುಟ್ಟಿದಾಗ ಮೋಟಾರು ಗಾಳಿಯನ್ನೆಳೆದು ಬರಿದೆ ತಿರುಗುವುದನ್ನು ಬೆಂಗಳೂರಿನ ಗೃಹಿಣಿಯರೆಲ್ಲರೂ ಬಲ್ಲರು. ಇಲ್ಲಿಯೂ ಅದೇ. ರಬ್ಬರಿನ ಮೂಲಕ ದ್ರವವು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಆರುವುದು. ಆ ಜಾಗವನ್ನು ಗಾಳಿಯು ತುಂಬುವುದು. ಗಾಳಿಯು ಅತ್ಯಂತ ಎತ್ತರದ ಸ್ಥಾನಕ್ಕೆ ಏರುವುದು. ರೇಡಿಯೇಟರನ್ನು ಪೆಟ್ಟಿಗೆಯ ತಳದಲ್ಲಿ ಕೂರಿಸಿದ್ದುದರಿಂದ, ಅತ್ಯಂತ ಎತ್ತರದಲ್ಲಿದ್ದುದು ಪಂಪೇ ಆಗಿದ್ದಿತು.

ಹುಡುಗಿಯು ತನ್ನ ಕೈಯಿಂದಲೇ ರೇಡಿಯೇಟರನ್ನು ಮೇಲ್ಚಾವಣಿಗೆ ಏರಿಸಿದಳು. ಫಲಕದ ಕೆಳಗೆ ಹೊಸ ಲೇಪವನ್ನು ಹಚ್ಚಿದಳು. ಪೆಟ್ಟಿಗೆಯನ್ನು ಅತ್ತಿತ್ತ ಬಾಗಿಸಿ ಗಾಳಿಯನ್ನು ಪಂಪಿನಿಂದ ಬಿಡಿಸಿದಳು. ಮೊದಲು 98 ಡಿಗ್ರಿಗೆ ಏರುತ್ತಿದ್ದ ಯಂತ್ರವು ಅರ್ಧ ಗಂಟೆ ದುಡಿದರೂ 64ನ್ನು ಮೀರಲಿಲ್ಲ. ಕೂಲಿ ಮುನ್ನೂರು ರೂಪಾಯಿ. “ಆರಿದ ನೀರು ಮತ್ತೆ ಬರುವುದಿಲ್ಲ ಅಮ್ಮ. ಇದು ಮುಚ್ಚಿದ ಜಾತಿಯದು, ತುಂಬಿಸಲಾಗುವುದಿಲ್ಲ. ಎರಡು ವರ್ಷವೋ ಮೂರು ವರ್ಷವೋ, ಮುಂದೊಂದು ದಿನ ಬದಲಾಯಿಸಲೇಬೇಕು. ಈಗಲ್ಲ” ಎಂದು ಅವರು ಸತ್ಯವನ್ನೇ ನುಡಿದರು.

ಒಪ್ಪಿಸಬೇಕಾದ ಕೆಲಸವು ಒಂದು ದಿನ ಮೊದಲೇ ಮುಗಿಯಿತು. ಮನೆಯ ಹಿರಿಯರು ಈಗ ತಮ್ಮ ಕೆಟ್ಟ ಮಿಕ್ಸಿಯನ್ನು ಅವಳ ಮುಂದೆ ತಂದಿರಿಸಿರುವರು.

ಈ ಬೀದಿಗೆ ಹೋಗಬಯಸುವ ವಾಚಕರು ಭಾನುವಾರವನ್ನು ಬಿಟ್ಟು, ಬೆಳಗಿನ ಹೊತ್ತು ಜನಸಂದಣಿ ಸೇರುವ ಮೊದಲೇ ಹೋಗುವುದು ಲೇಸು. ಮೆಟ್ರೋದಲ್ಲಿ ಬರುವವರು ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿಳಿದು ನಡೆಯಬಹುದು. ಕೆಟ್ಟ ವಸ್ತುವನ್ನು ಜೊತೆಯಲ್ಲಿಯೇ ಒಯ್ಯಿರಿ. ಕೈಚೀಲದ ಹಣವನ್ನು ತೆಗೆಯುವ ಮೊದಲು, ಬಿಸಿಯು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿರಿ.