ಆಗಸದಲ್ಲಿ ಒಂದೇ ಪರದೆ
1925ರಲ್ಲಿ ಲಂಡನ್ನಿನ ಕ್ರಾಯ್ಡನ್‌ನಿಂದ ಹಾರಿದ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಚಿತ್ರವನ್ನು ತೋರಿಸಲಾಯಿತು. ಅದು ಮೂಕಚಿತ್ರವಾಗಿದ್ದುದೇ ಒಳಿತಾಯಿತು. ಎಂಜಿನ್ನಿನ ಆರ್ಭಟದಲ್ಲಿ ಮಾತು ಯಾರಿಗೆ ಕೇಳಿಸೀತು? 1961ರಲ್ಲಿ ಟಿಡಬ್ಲ್ಯೂಎ ಸಂಸ್ಥೆಯು ನಿಯತ ಪ್ರದರ್ಶನಗಳನ್ನು ಆರಂಭಿಸಿದ್ದು ‘ಬೈ ಲವ್ ಪೊಸೆಸ್ಡ್’ ಚಿತ್ರದಿಂದ. ತೀರ ಸಾಧಾರಣ ಕೃತಿ. ನೆಲದ ಮೇಲಷ್ಟೇ ಓಡಿದ್ದರೆ ಇಂದು ಅದನ್ನು ನೆನೆಯುವವರು ವಿರಳ. ಮುಂದೆ ಬಹುಕಾಲ ಧ್ವನಿಯು ಟೊಳ್ಳು ಕೊಳವೆಗಳಲ್ಲಿ, ವೈದ್ಯರ ಸ್ಟೆತಸ್ಕೋಪಿನಲ್ಲಿ ಎದೆಬಡಿತ ಬಂದಂತೆ, ಕಿವಿಗೆ ಬರುತ್ತಿತ್ತು. ಪರದೆ ಒಂದೇ, ಚಿತ್ರವೂ ಒಂದೇ. ಮುಂದಿನ ಸಾಲಿನ ಎತ್ತರದವನೊಬ್ಬ ಎದ್ದು ನಿಂತರೆ ನಾಯಕಿ ಮಾಯ! (ಟೂರಿಂಗ್ ಟಾಕೀಸಿನಲ್ಲೂ ಇದೇ ಗೋಳು.) ಆದರೂ ಅಪರಿಚಿತರೆಲ್ಲ ಒಮ್ಮೆಗೇ ನಗುತ್ತಿದ್ದರು, ಚಿತ್ರ ಕೆಟ್ಟದಾಗಿದ್ದರೆ ಪಕ್ಕದವರೊಡನೆ ಕೂಡಿ ಬೈಯಲಿಕ್ಕಾದರೂ ಒಂದು ವಿಷಯ ದೊರೆಯುತ್ತಿತ್ತು. ಈಗ ಆಸನಕ್ಕೊಂದು ಪರದೆ, ಚಿತ್ರಗಳು ನೂರಾರು. ಒಬ್ಬನು ನಕ್ಕರೆ ಪಕ್ಕದಾತ ಬೆಚ್ಚಿ ನೋಡುತ್ತಾನೆ.