ಒಲೆ ಎಲ್ಲಿದೆ?

ನಮ್ಮ ಮನೆಯಲ್ಲಿ ಜಿರಲೆ ಹೊಡೆಯುವುದು ನನ್ನ ಹೆಂಡತಿಯ ಕೆಲಸ. ನಾನು ಕುರ್ಚಿಯ ಮೇಲೆ ನಿಂತು ಶತ್ರು ಎತ್ತ ನುಗ್ಗುತ್ತಿದ್ದಾನೆ ಎಂದು ವರದಿ ಒಪ್ಪಿಸುತ್ತೇನೆ. ಇಂಥವನ ಕಪಾಟಿನಲ್ಲಿ ಮೂರು ಸಾಲು ಯುದ್ಧದ ಪುಸ್ತಕಗಳು. ಬಂದ ನೆಂಟರು ಕಪಾಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇವರು ಮಿಲಿಟರಿಯಲ್ಲಿದ್ದರಾ?" ಎಂದು ಕೇಳುವುದುಂಟು. "ಇಲ್ಲ, ಬ್ಯಾಂಕಿನಲ್ಲಿ. ಅಲ್ಲೂ ಸಾಲ ವಸೂಲಿಗೆ ಬೇರೆಯವರನ್ನೇ ಕಳಿಸುತ್ತಿದ್ದರು" ಎಂದು ಅವಳು ಕಾಫಿ ಕೊಡುತ್ತಾಳೆ.

ಅವೆಲ್ಲ ಚಿತ್ರದ ಪುಸ್ತಕಗಳು. ಯಾವ ರಾಜ ಯಾರನ್ನು ಏಕೆ ಸೋಲಿಸಿದ ಎಂಬುದು ಓದಿದ ಮರುದಿನವೇ ನನಗೆ ಮರೆತುಹೋಗುತ್ತದೆ. ಸಿಪಾಯಿಯ ಹೆಗಲ ಚೀಲದಲ್ಲಿ ಏನೇನಿತ್ತು ಎಂಬುದು ಮಾತ್ರ ನೆನಪಿರುತ್ತದೆ. ಇಂಗ್ಲೆಂಡಿನ ಆಸ್ಪ್ರೆ ಪ್ರಕಾಶನದ 'ಮೆನ್ ಅಟ್ ಆರ್ಮ್ಸ್' ಮಾಲೆಯ ತೆಳು ಪುಸ್ತಕಗಳನ್ನು ಓದುವುದಕ್ಕೇ ಒಂದು ಕ್ರಮವಿದೆ. 48 ಪುಟ, ನಡುವೆ ಬಣ್ಣದ ಚಿತ್ರಗಳು, ಅವುಗಳ ವಿವರಣೆ ಬೇರೆ ಪುಟದಲ್ಲಿ. ಒಂದು ಬೆರಳನ್ನು ಚಿತ್ರದ ಪುಟದಲ್ಲೂ ಇನ್ನೊಂದನ್ನು ವಿವರಣೆಯ ಪುಟದಲ್ಲೂ ಸಿಕ್ಕಿಸಿಕೊಂಡು, ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸುತ್ತ ಕೂತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಈ ಪ್ರಕಾಶನ ಹುಟ್ಟಿದ್ದು 1960ರ ದಶಕದಲ್ಲಿ, ಬ್ರೂಕ್ ಬಾಂಡ್ ಚಹಾದ ಪೊಟ್ಟಣಗಳಲ್ಲಿ ಮಕ್ಕಳಿಗಾಗಿ ಹಾಕುತ್ತಿದ್ದ ವಿಮಾನದ ಚಿತ್ರಗಳಿಂದ. ಅಷ್ಟು ದೊಡ್ಡ ದಂಡು ಚಹಾ ಪೊಟ್ಟಣದಿಂದ ಹೊರಟಿತು ಎಂದು ತಿಳಿದಂದು ನನ್ನ ಹುಚ್ಚಿಗೂ ಅಡುಗೆಮನೆಗೂ ಹಳೆಯ ನಂಟಿದೆ ಎನಿಸಿ ಸಮಾಧಾನವಾಯಿತು.

ಯುದ್ಧವನ್ನು ಹೀಗೆ ಚಿತ್ರದಲ್ಲಿ ವಿವರಿಸುವ ಚಟ ಹಳೆಯದು. ಇಟಲಿಯ ವೆರೋನಾದಲ್ಲಿ 1472ರಲ್ಲೇ ರೊಬೆರ್ತೊ ವಲ್ತೂರಿಯೊನ ಯುದ್ಧಶಾಸ್ತ್ರ ಮರದಚ್ಚಿನ ಚಿತ್ರಗಳೊಂದಿಗೆ ಅಚ್ಚಾಗಿತ್ತು. ನನಗೆ ಹೆಚ್ಚು ಪ್ರಿಯನಾದವನು ಡಚ್ ಕಲಾವಿದ ಯಾಕೋಬ್ ಡಿ ಗೇನ್. 1607ರಲ್ಲಿ ಬಂದ ಅವನ ಕವಾಯತಿನ ಪುಸ್ತಕದಲ್ಲಿ 117 ಚಿತ್ರಗಳಿವೆ. ಭಾರದ ಕೋವಿಯಾದ ಮಸ್ಕೆಟ್ಟಿಗೇ 43! ಕಾಲು ಎಲ್ಲಿ, ಬೆರಳು ಎಲ್ಲಿ, ಕೋವಿ ಹೆಗಲಿನಿಂದ ಎಷ್ಟು ಇಳಿಯಬೇಕು ಎಂದು ನಾಟ್ಯದ ಅಡವು ಕಲಿಸುವಂತೆ ಒಂದೊಂದೇ ಹೆಜ್ಜೆ ಬಿಡಿಸಿ ತೋರಿಸುತ್ತಾನೆ. ಇಷ್ಟು ಜತನ ಏಕೆಂದರೆ, ಆ ಬಡಪಾಯಿಯ ಒಂದು ಕೈಯಲ್ಲಿ ಹೊಗೆಯಾಡುವ ಬತ್ತಿ, ಎದೆಯ ಮೇಲೆ ಪಟ್ಟಿಯಿಂದ ನೇತಾಡುವ ಮದ್ದಿನ ಕೊಳವೆಗಳು. ಹೆಜ್ಜೆ ತಪ್ಪಿದರೆ ಶತ್ರು ಬರುವ ಮೊದಲೇ ಯುದ್ಧ ಮುಗಿಯುತ್ತದೆ. ಕೋವಿಯ ಬಟ್ಟಲಲ್ಲಿ ಚೆಲ್ಲಿ ಉಳಿದ ಮದ್ದಿನ ಪುಡಿಯನ್ನು ಅವನು ಬಾಯಿಂದ ಊದುವ ಚಿತ್ರವಿದೆ. ಬಿಸಿ ಹಾಲಿನ ಕೆನೆ ಊದುವ ಹುಡುಗನಷ್ಟೇ ಗಂಭೀರ ಮುಖ.

ಹಡಗಿನ ಪುಸ್ತಕಗಳ ರುಚಿ ಬೇರೆ. ಫ್ರೆಡ್ ಟಿ. ಜೇನ್ ಎಂಬ ಇಂಗ್ಲಿಷ್ ಚಿತ್ರಕಾರ 1898ರಲ್ಲಿ ಲೋಕದ ಯುದ್ಧನೌಕೆಗಳನ್ನೆಲ್ಲ ಒಟ್ಟು ಹಾಕಿ ಒಂದು ಪುಸ್ತಕ ತಂದ. ಅದರ ಜೀವಾಳವೇ ಕಪ್ಪು ನೆರಳುಚಿತ್ರಗಳು. ಬೆಳಕಿಗೆ ಬೆನ್ನು ಕೊಟ್ಟು ಬಾಗಿಲಲ್ಲಿ ನಿಂತ ನೆಂಟರನ್ನು ನಿಲುವಿನಿಂದಲೇ ಗುರುತಿಸುತ್ತೇವಲ್ಲ, ಹಾಗೆ ದಿಗಂತದಲ್ಲಿ ಕಂಡ ಹಡಗು ನಮ್ಮದೋ ಪರರದೋ ಎಂದು ಹೊಗೆಗೊಳವೆಯ ಲೆಕ್ಕದಿಂದ ಹೇಳುವ ವಿದ್ಯೆ ಅದು.

ಆದರೆ ನಾನು ಸೋತದ್ದು ಛೇದಚಿತ್ರಗಳಿಗೆ. ಹಲಸಿನ ಹಣ್ಣು ಹೆಚ್ಚಿದ ಹಾಗೆ ಹಡಗನ್ನು ಉದ್ದಕ್ಕೆ ಸೀಳಿ, ತೊಳೆ ತೊಳೆಗೂ ನಂಬರು ಕೊಟ್ಟಿರುತ್ತಾರೆ. ಕಾಲೇಜು ದಿನಗಳಲ್ಲಿ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಅಂಥದೊಂದು ಸಿಕ್ಕಿತು. ಅದರ ಮಡಿಕೆ ಪುಟ ಬಿಚ್ಚಿದರೆ ಬ್ರಿಟಿಷ್ ನೌಕಾಪತಿ ನೆಲ್ಸನ್‌ನ 'ವಿಕ್ಟರಿ'. ರಜೆಗೆ ಊರಿಗೆ ಹೋದಾಗ ಜಗಲಿಯ ಮೇಲೆ ಅದನ್ನು ಹರವಿಕೊಂಡು ಕೂತಿದ್ದೆ. ದೊಡ್ಡಪ್ಪ ಬಂದು ಬಗ್ಗಿದರು. ಅವರು ಮದುವೆ ಮುಂಜಿಗಳ ಅಡುಗೆ ಭಟ್ಟರು. 104 ಫಿರಂಗಿ, ಮೂರು ಪಟಸ್ತಂಭ ಎಂದು ನಾನು ಶುರುಮಾಡಿದ್ದನ್ನು ಅರ್ಧಕ್ಕೆ ತಡೆದು, "ಜನ ಎಷ್ಟು?" ಎಂದರು.

"ಟ್ರಫಾಲ್ಗರ್ ಕದನದ ದಿನ 821."

"ಒಲೆ ಎಲ್ಲಿದ್ಯೋ, ಮಾಣಿ?"

ನಾನು ಅದನ್ನು ಹುಡುಕಿರಲೇ ಇಲ್ಲ. ಇಬ್ಬರೂ ಸೇರಿ ಬೆರಳಿಟ್ಟು ಹುಡುಕಿದೆವು. ಮೂರು ಫಿರಂಗಿ ಅಟ್ಟಗಳಲ್ಲಿ ನಡುವಿನದರಲ್ಲಿ ಇತ್ತು: ಕಬ್ಬಿಣದ ದೊಡ್ಡ ಪೆಟ್ಟಿಗೆಯಂಥ ಒಲೆ. "ಎಂಟುನೂರು ಜನಕ್ಕೆ ಒಂದೇ ಒಲೆಯಾ? ಎಷ್ಟು ಪಂಕ್ತಿ ಹಾಕ್ತಾರೆ? ನೀರು ಎಲ್ಲಿಂದ? ಹೊಗೆ ಹೋಗೂದು ಎಲ್ಲಿ?" ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಂತೆ ಹಡಗು ನನಗೆ ಮೊದಲ ಸಲ ಕಾಣಿಸಿತು. ಪಂಕ್ತಿ ಬೇರೆ ಇರಲಿಲ್ಲ. ಎರಡು ಫಿರಂಗಿಗಳ ನಡುವೆ ಮೇಲಿನಿಂದ ಹಲಗೆ ಇಳಿಬಿಟ್ಟು ಅಲ್ಲೇ ಉಣ್ಣುತ್ತಿದ್ದರು, ರಾತ್ರಿ ಅವೇ ಫಿರಂಗಿಗಳ ಮೇಲೆ ಜೋಲಿ ಕಟ್ಟಿ ಮಲಗುತ್ತಿದ್ದರು. ನೀರು ತಳದ ಪೀಪಾಯಿಗಳಲ್ಲಿ. ಉಪ್ಪು ಹಾಕಿದ ಮಾಂಸ, ಕಲ್ಲಿನಂಥ ಬಿಸ್ಕತ್ತು. ದೊಡ್ಡಪ್ಪ ಮುಖ ಸಿಂಡರಿಸಿದರು. ಅವರು ಮೆಚ್ಚಿದ್ದು ಮದ್ದಿನಮನೆಯನ್ನು. ಅದರೊಳಗೆ ದೀಪ ಒಯ್ಯುವಂತಿಲ್ಲ. ಪಕ್ಕದಲ್ಲೊಂದು ಪುಟ್ಟ ಕೋಣೆ ಮಾಡಿ, ಅಲ್ಲಿ ಕಂದೀಲು ಇಟ್ಟು, ನಡುವಿನ ಗಾಜಿನ ಮೂಲಕ ಬೆಳಕನ್ನು ಮಾತ್ರ ಒಳಗೆ ಬಿಡುತ್ತಿದ್ದರು. "ಸೀಮೆಎಣ್ಣೆ ಡಬ್ಬಿ ಒಲೆ ಹತ್ರ ಇಡಬೇಡ ಅಂತ ನಮ್ಮ ಹುಡುಗರಿಗೆ ಬಡಕೊಂಡೆ. ಈ ಹಡಗಿನವರಿಗೆ ಬುದ್ಧಿ ಇದೆ" ಎಂದರು. ಟ್ರಫಾಲ್ಗರ್‌ನಲ್ಲಿ ಗೆದ್ದವರು ಯಾರು ಎಂದು ಕೇಳಲೇ ಇಲ್ಲ.

ಅಂದಿನಿಂದ ಯಾವ ಯುದ್ಧದ ಚಿತ್ರ ಕಂಡರೂ ನನ್ನ ಕಣ್ಣು ಮೊದಲು ಒಲೆ ಹುಡುಕುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆಯೂ ಹಾಗೇ ಆಯಿತು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷ್ ಕರ್ನಲ್ ಬೈಲಿಯ ಪಡೆಯನ್ನು ಮುರಿದ ಕಥೆ ಅಲ್ಲಿದೆ. ಕೆಂಪಂಗಿಯವರ ಚೌಕವ್ಯೂಹ, ನಡುವೆ ಸಿಡಿಯುತ್ತಿರುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕಂಗೆಟ್ಟು ಕೂತ ಬೈಲಿ. ಸುತ್ತ ಅಷ್ಟೆಲ್ಲ ನಡೆಯುತ್ತಿದ್ದರೂ ಮೈಸೂರಿನ ಸವಾರರ ಮೀಸೆ ತೀಡಿದ ಹಾಗೆಯೇ ಇದೆ. ಗೆದ್ದವರು ಬರೆಸಿದ ಚಿತ್ರ ಹಾಗಲ್ಲದೆ ಇನ್ನು ಹೇಗಿರುತ್ತದೆ? ವಿಚಿತ್ರವೆಂದರೆ, ಮಾಸಿಹೋಗಿದ್ದ ಈ ಚಿತ್ರವನ್ನು 19ನೇ ಶತಮಾನದಲ್ಲಿ ಮತ್ತೆ ಬರೆಸಿದವನು ಸೋತವರ ಕಡೆಯವನೇ ಆದ ಗವರ್ನರ್ ಜನರಲ್ ಡಾಲ್‌ಹೌಸಿ. ಇಷ್ಟೆಲ್ಲ ಇದ್ದ ಗೋಡೆಯಲ್ಲಿ ನನ್ನ ಕಣ್ಣಿಗೆ ಒಲೆ ಮಾತ್ರ ಸಿಗಲಿಲ್ಲ. ಆದರೆ ಮೈಸೂರಿನ ತೋಪು ಎಳೆದ ಎತ್ತುಗಳ ತಳಿಗೆ ಅಮೃತಮಹಲ್ ಎಂದು ಹೆಸರು. ಒಡೆಯರ ಕಾಲದಲ್ಲಿ ಆ ದನಗಳ ಇಲಾಖೆ 'ಬೆಣ್ಣೆ ಚಾವಡಿ', ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದದ್ದು. ಹೆಸರು ಬದಲಿಸಿದವನು ಟಿಪ್ಪು. ಬೆಣ್ಣೆ ಕೊಟ್ಟ ಹಸುವಿನ ಕರುವೇ ಬೆಳೆದು ತೋಪಿನ ನೊಗ ಹೊತ್ತಿತು. ಅಡುಗೆಮನೆಯ ದಾರಿ ಅಲ್ಲಿಗೂ ಇತ್ತು.

ಬಹಳ ವರ್ಷಗಳ ಮೇಲೆ, ಇನ್ನೊಂದು ಪುಸ್ತಕದ ಅಡಿಬರಹದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. 'ವಿಕ್ಟರಿ'ಯಂಥ ಹಡಗುಗಳಲ್ಲಿ ಕದನಕ್ಕೆ ಅಣಿಯಾಗುವಾಗ ಊಟದ ಹಲಗೆಗಳನ್ನು ಎತ್ತಿಡುತ್ತಿದ್ದರು, ಜೋಲಿಗಳನ್ನು ಸುತ್ತಿ ಮೇಲೊಯ್ಯುತ್ತಿದ್ದರು, ಅಡುಗೆಯ ಬೆಂಕಿಯನ್ನು ಆರಿಸುತ್ತಿದ್ದರು. ಊರಿಗೆ ಹೋದಾಗ ದೊಡ್ಡಪ್ಪನಿಗೆ ಹೇಳಿದೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಯಾವಾಗ ಹಚ್ಚಿದರು?" ಎಂದರು. ಅದು ಪುಸ್ತಕದಲ್ಲಿರಲಿಲ್ಲ.

ದೊಡ್ಡಪ್ಪ ತೀರಿಕೊಂಡ ದಿನ, ನೂರಾರು ಮದುವೆಗಳಿಗೆ ಬೇಯಿಸಿ ಬಡಿಸಿದವರ ಮನೆಯಲ್ಲಿ, ನಮ್ಮ ಕಡೆಯ ರೂಢಿಯಂತೆ, ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ಗಂಜಿ ತಂದುಕೊಟ್ಟರು. ಅದನ್ನು ಕುಡಿಯುತ್ತ ಕೂತಾಗ ಏಕೋ ಆ ಹಡಗು ನೆನಪಾಯಿತು.

ಮಡಿಕೆ ಪುಟ ಈಗ ನಾಲ್ಕು ಕಡೆ ಹರಿದು, ಟೇಪಿನ ಮೇಲೆ ನಿಂತಿದೆ. ಈಚೆಗೆ ಭೂತಗನ್ನಡಿ ಹಿಡಿದು ನೋಡಿದೆ. ಕಲಾವಿದ ಆ ಕಬ್ಬಿಣದ ಒಲೆಯ ಬಾಯಿಗೆ ಸಾಸಿವೆ ಕಾಳಿನಷ್ಟು ಕೆಂಪು ಇಟ್ಟಿದ್ದಾನೆ. ಹಾಗಾದರೆ ಕದನ ಇನ್ನೂ ಶುರುವಾಗಿಲ್ಲ. 821 ಜನರೂ ಊಟಕ್ಕೆ ಕಾದಿದ್ದಾರೆ.