ಸಂಗಮದ ತೀರದಲ್ಲಿ ಕಂಡದ್ದು

ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ, ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಬಸವಣ್ಣನವರ ಐಕ್ಯಸ್ಥಳವನ್ನು ಕಾಪಾಡಲು ಸುತ್ತಲೂ ಎತ್ತರದ ಗೋಡೆ ಕಟ್ಟಲಾಗಿದೆ. ಬಾವಿಗಿಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಅಷ್ಟು ಜತನದಿಂದ ಉಳಿಸಿಕೊಂಡ ಸನ್ನಿಧಿಯ ನದೀತೀರದಲ್ಲಿ ನಾವು ಕಂಡದ್ದು ಹಾಲಿನ ಖಾಲಿ ಚೀಲ, ನೀರಿನ ಬಾಟಲಿ, ಕುಂಕುಮದ ಪೊಟ್ಟಣ!

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲಿಯೇ ನಿಷೇಧಿಸಿತು. ಹಾಲಿನ ಚೀಲಕ್ಕೆ ವಿನಾಯಿತಿ ದೊರೆಯಿತು. ಆದಕಾರಣ ಅದರ ಹೊಣೆ ಬಳಸುವ ಮನೆಯವರದೇ. ನಮ್ಮಲ್ಲಿ ಚೀಲದ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಉದುರಿದ ಆ ಚೂರು ಗುಜರಿಯವರ ಕೈಗೂ ಸಿಗದು. ಚೀಲಗಳನ್ನು ತೊಳೆದು, ಒಣಗಿಸಿ, ತೂಕಕ್ಕೆ ಕೊಡುತ್ತೇವೆ. ಬಂದ ಹಣ, ಅದೆಷ್ಟೇ ಅಲ್ಪವಿರಲಿ, ಮಕ್ಕಳ ಕೈಯಿಂದಲೇ ದಾಸೋಹದ ಹುಂಡಿಗೆ. ಯಾತ್ರೆಗೆ ಸ್ಟೀಲಿನ ತಂಬಿಗೆ, ಬಟ್ಟೆಯ ಚೀಲ. ಐದು ಲೀಟರಿನ ಎಣ್ಣೆಯ ಡಬ್ಬಿಯಲ್ಲೀಗ ಬಿಲ್ವದ ಸಸಿ ಚಿಗುರಿದೆ.